ಮದ್ದು ಹಕ್ಕಿಗೆ, ನೆಲಕ್ಕೇನು?

ಕೋಳಿ ಸಾಕಿದವರೆಲ್ಲ ಮಳೆಗಾಲದ ರಕ್ತಭೇದಿಯನ್ನು ಬಲ್ಲರು. ಅದಕ್ಕೆ ಕಾರಣ ಕಾಕ್ಸಿಡಿಯಾ ಎಂಬ ಏಕಕೋಶ ಪರೋಪಜೀವಿ. ಕೋಳಿಗಳಲ್ಲಿ ಅದರ ಹಾವಳಿ ಕರುಳಿಗೆ ಸೀಮಿತ. ಆದರೆ ಕ್ರೌಂಚ ಪಕ್ಷಿಗಳನ್ನು ಕಾಡುವ ಐಮೇರಿಯಾ ಗ್ರೂಯಿಸ್, ಐಮೇರಿಯಾ ರೈಖೆನೋವಿ ಎಂಬ ಎರಡು ಪ್ರಭೇದಗಳು ಕರುಳನ್ನು ದಾಟಿ ಯಕೃತ್ತು, ಗುಲ್ಮ, ಶ್ವಾಸಕೋಶಗಳಿಗೂ ಹಬ್ಬಿ ಗಂಟು ಕಟ್ಟುತ್ತವೆ. ಎಳೆಯ ಮರಿಗಳಿಗೆ ಇದು ಮಾರಕವಾಗಬಲ್ಲದು.

ಅಮೆರಿಕದ ಮಿಸಿಸಿಪಿ ಸ್ಯಾಂಡ್‌ಹಿಲ್ ಕ್ರೌಂಚದ ರಕ್ಷಣೆಯಲ್ಲಿ ಈ ರೋಗವೂ ಒಂದು ಚಿಂತೆ. 1972ರಲ್ಲಿ ಪ್ರತ್ಯೇಕ ಉಪಪ್ರಭೇದವೆಂದು ಗುರುತಿಸಲ್ಪಟ್ಟ ಈ ಹಕ್ಕಿಯ ಮೈಬಣ್ಣ ತನ್ನ ಬಂಧುಗಳಿಗಿಂತ ಗಾಢವಾದ ಬೂದು. ಇದು ವಲಸೆ ಹೋಗುವುದಿಲ್ಲ. ಸಾಮಾನ್ಯವಾಗಿ ಎರಡು ಮೊಟ್ಟೆಯಿಟ್ಟರೂ ಹೆಚ್ಚೆಂದರೆ ಒಂದು ಮರಿ ಬದುಕುವುದೇ ವಾಡಿಕೆ. ಇಂಥ ಹಕ್ಕಿಗೆ ನೆಲೆ ತಪ್ಪಿದರೆ ಬೇರೆ ಆಸರೆಯಿಲ್ಲ.

ಅದರ ನೆಲೆ, ಅಲ್ಲೊಂದು ಇಲ್ಲೊಂದು ಪೈನ್ ಮರವಿರುವ ಜೌಗು ಹುಲ್ಲುಗಾವಲು. ಅಲ್ಲಿ ಕಾಲುವೆ ತೋಡಿ ನೀರು ಬಸಿದರು, ಪೈನ್ ಮರಗಳನ್ನು ಒತ್ತಾಗಿ ನೆಟ್ಟರು, ಹುಲ್ಲನ್ನು ಹೊಸದಾಗಿಸುತ್ತಿದ್ದ ಬೆಂಕಿಯನ್ನೂ ತಡೆದರು. 1970ರ ದಶಕದಲ್ಲಿ ಉಳಿದದ್ದು ಮೂವತ್ತು ಚಿಲ್ಲರೆ ಹಕ್ಕಿಗಳು. 1975ರಲ್ಲಿ ರಕ್ಷಿತಾರಣ್ಯವಾಯಿತು, 1981ರಿಂದ ಸಾಕಿದ ಮರಿಗಳನ್ನು ಅಲ್ಲಿ ಬಿಡತೊಡಗಿದರು.

ಸಾಕುವಲ್ಲಿಯೇ ಪರೋಪಜೀವಿಯ ಪಾಠವಿದೆ. ಅದರ ಸೂಕ್ಷ್ಮ ಕೋಶಗಳು ಹಿಕ್ಕೆಯೊಡನೆ ಹೊರಬಿದ್ದು, ತೇವದ ಮಣ್ಣಿನಲ್ಲಿ ಪಕ್ವವಾಗಿ, ಮೇವಿನೊಡನೆ ಮತ್ತೆ ಒಳಸೇರುತ್ತವೆ. ವಿಶಾಲ ಬಯಲಿನಲ್ಲಿ ಚದುರಿ ಮೇಯುವ ಹಕ್ಕಿಗೆ ಇವು ಸಿಗುವುದು ಕಡಿಮೆ. ಬೇಲಿಯೊಳಗೆ ಅದೇ ನೆಲವನ್ನು ಮತ್ತೆ ಮತ್ತೆ ಕೆದಕುವ ಹಕ್ಕಿ ದಿನವೂ ನುಂಗುತ್ತದೆ. ಆದ್ದರಿಂದಲೇ ಸಾಕುಕೇಂದ್ರಗಳಲ್ಲಿ ಆಹಾರದೊಡನೆ ಔಷಧಿ ಬೆರೆಸಬೇಕಾಗುತ್ತದೆ.

ಸಾಕುವುದೇ ತಪ್ಪೆಂದು ನಾನು ಹೇಳಲಾರೆ. ಹಾಗೆ ಮಾಡದಿದ್ದರೆ ಆ ಹಕ್ಕಿ ಇಷ್ಟರಲ್ಲಿ ಅಳಿದೇಹೋಗಿರುತ್ತಿತ್ತೇನೋ. ಆದರೆ ಮದ್ದು ಕಾಲಾವಕಾಶವನ್ನಷ್ಟೇ ಕೊಡುತ್ತದೆ. ಆ ಅವಧಿಯಲ್ಲಿ ನೆಲ ಸರಿಯಾಗಬೇಕು. ಅಲ್ಲಿಯವರು ಒತ್ತಾದ ಪೈನ್ ಕಡಿದು, ಹುಲ್ಲಿಗೆ ನಿಯಂತ್ರಿತ ಬೆಂಕಿಯಿಡುತ್ತಿರುವುದು ಇದನ್ನರಿತೇ. ಹಾಗಿದ್ದೂ ಆ ಹಕ್ಕಿ ಇಂದಿಗೂ ಅಳಿವಿನಂಚಿನ ಪಟ್ಟಿಯಿಂದ ಹೊರಬಂದಿಲ್ಲ.

ಮಲೆನಾಡಿನ ನಮಗೆ ಈ ಕಥೆ ದೂರದ್ದಲ್ಲ. 1980ರ ದಶಕದಿಂದ ನಮ್ಮ ಬ್ಯಾಣಗಳನ್ನು ಪಾಳುಭೂಮಿಯೆಂದು ಕರೆದು ಅಕೇಶಿಯಾ ನೆಟ್ಟದ್ದನ್ನು ಕಂಡಿದ್ದೇವೆ. ಮರವಿಲ್ಲದ ನೆಲವೆಲ್ಲ ಬರಿದಾದ ನೆಲವಲ್ಲ. ವಿದ್ಯಾರ್ಥಿಗಳೇ, ಮುಂದಿನ ವನಮಹೋತ್ಸವಕ್ಕೆ ಗುಂಡಿ ತೋಡುವ ಮುನ್ನ ಆ ಹುಲ್ಲಿನಲ್ಲಿ ಯಾರು ಗೂಡು ಕಟ್ಟುತ್ತಾರೆಂದು ಒಂದು ಬೆಳಗು ಕುಳಿತು ನೋಡಿ.