ಚಪ್ಪಾಳೆ ಬ್ಯಾಟಿಗೆ, ಗೆಲುವು ಚೆಂಡೆಸೆತಕ್ಕೆ

ಅಮೆರಿಕದ ಕಾಲೇಜು ಬೇಸ್‌ಬಾಲಿನ ಅಂತಿಮ ಸ್ಪರ್ಧೆಯಾದ ಕಾಲೇಜ್ ವರ್ಲ್ಡ್ ಸೀರೀಸ್ ಜೂನ್ ತಿಂಗಳಲ್ಲಿ ಒಮಾಹಾ ನಗರದಲ್ಲಿ ನಡೆಯುತ್ತದೆ. 1998ರ ಅಂತಿಮ ಪಂದ್ಯದಲ್ಲಿ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡವು ಆರಿಜೋನ ಸ್ಟೇಟ್ ತಂಡವನ್ನು 21–14ರಿಂದ ಸೋಲಿಸಿತು. ನಾಲ್ಕೈದು ರನ್ ಗಳಿಸಿದರೆ ತೃಪ್ತಿಪಡಬೇಕಾದ ಆಟದಲ್ಲಿ ಒಂದೇ ದಿನ 35 ರನ್! ಲೋಹದ ಬ್ಯಾಟು ಆಟವನ್ನು ಎಲ್ಲಿಗೆ ಕೊಂಡೊಯ್ದಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

2011ರಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಬ್ಯಾಟಿನ ಪುಟಿತವನ್ನು ಮರದ ಬ್ಯಾಟಿನ ಮಟ್ಟಕ್ಕೆ ಇಳಿಸುವ ನಿಯಮ ಜಾರಿಯಾಯಿತು. ಒಮಾಹಾದಲ್ಲಿ ವಿಶಾಲವಾದ ಹೊಸ ಕ್ರೀಡಾಂಗಣ ತೆರೆಯಿತು. ಎರಡು ವರ್ಷಗಳಲ್ಲಿಯೇ ಅದರ ಫಲ ಕಾಣಿಸಿತು. 2013ರ ಸರಣಿಯ 14 ಪಂದ್ಯಗಳಲ್ಲಿ ಗಡಿ ದಾಟಿದ ಹೋಮ್ ರನ್‌ಗಳು ಕೇವಲ ಮೂರು. ಆ ವರ್ಷದ ಪ್ರಶಸ್ತಿ ಗೆದ್ದ ಯುಸಿಎಲ್ಎ ತಂಡದ ಬ್ಯಾಟಿಂಗ್ ಸರಾಸರಿ ಕಡಿಮೆಯೇ ಇತ್ತು. ಆದರೂ ಒಮಾಹಾದಲ್ಲಿ ಆಡಿದ ಐದು ಪಂದ್ಯಗಳನ್ನೂ ಗೆದ್ದಿತು. ಗಳಿಸಿದ್ದು 19 ರನ್, ಬಿಟ್ಟುಕೊಟ್ಟದ್ದು ನಾಲ್ಕೇ. ತರಬೇತುದಾರ ಜಾನ್ ಸ್ಯಾವೇಜ್ ಅವರು ಪಿಚಿಂಗ್ ಕಲಿಸುವುದರಲ್ಲಿಯೇ ಹೆಸರು ಮಾಡಿದವರು. ತಂಡವನ್ನೂ ಆ ನಂಬಿಕೆಯ ಮೇಲೆಯೇ ಕಟ್ಟಿದ್ದರು.

ಇದರ ಹಿಂದಿನ ಲೆಕ್ಕ ಸರಳ. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಎದುರಾಳಿಗೆ ಸಿಗುವುದು 27 ಔಟ್‌ಗಳು. ಕೈತಪ್ಪಿದ ಒಂದು ಚೆಂಡು ಅವರಿಗೆ ಇಪ್ಪತ್ತೆಂಟನೆಯದನ್ನು ಉಚಿತವಾಗಿ ಕೊಡುತ್ತದೆ. ಪಿಚರ್ ಗುರಿತಪ್ಪಿ ನಾಲ್ಕು ಚೆಂಡುಗಳನ್ನು ಹೊರಗೆಸೆದರೆ ಬ್ಯಾಟುಗಾರನು ಬ್ಯಾಟು ಬೀಸದೆಯೇ ಮೊದಲ ಬೇಸಿಗೆ ನಡೆದುಹೋಗುತ್ತಾನೆ. ವೃತ್ತಿಪರರಲ್ಲಿ ಇಂಥ ದಾನಗಳು ವಿರಳ. ಕಾಲೇಜು ಮೈದಾನದಲ್ಲಿ ಹತ್ತೊಂಬತ್ತು–ಇಪ್ಪತ್ತರ ಹುಡುಗರು ಆಡುವಾಗ ಅವು ಹೇರಳ. ಆದುದರಿಂದಲೇ ತಪ್ಪು ಮಾಡದ ತಂಡಕ್ಕೆ ಅಲ್ಲಿ ಇಷ್ಟು ಬೆಲೆ. ಕ್ರಿಕೆಟ್ ಬಲ್ಲ ನಮಗೆ ಇದು ಅಪರಿಚಿತವೇನಲ್ಲ: 1983ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ 183 ರನ್ ಗಳಿಸಿ ಗೆದ್ದ ತಂಡ ನಮ್ಮದೇ. ಆದರೂ ನಾವು ಮಕ್ಕಳ ಕೈಗೆ ಮೊದಲು ಕೊಡುವುದು ಬ್ಯಾಟನ್ನೇ.

ಕಾಲ ಮತ್ತೆ ಹೊಡೆತದ ಕಡೆಗೆ ತಿರುಗಿದೆಯೆಂದು ಆಕ್ಷೇಪಿಸಬಹುದು. 2015ರಲ್ಲಿ ಚೆಂಡಿನ ಹೊಲಿಗೆಯ ಎತ್ತರವನ್ನು ತಗ್ಗಿಸಿದ ಮೇಲೆ ಚೆಂಡು ಹೆಚ್ಚು ದೂರ ಹಾರತೊಡಗಿತು. 2024ರಲ್ಲಿ ಗೆದ್ದ ಟೆನೆಸಿ ತಂಡ ಹೋಮ್ ರನ್‌ಗಳಿಗೇ ಪ್ರಸಿದ್ಧ. ಒಪ್ಪತಕ್ಕ ಮಾತೇ. ಆದರೆ ಮರುವರ್ಷವೇ ಎಲ್ಎಸ್‌ಯು ತಂಡವು ಅಂತಿಮ ಸರಣಿಯ ಮೊದಲ ಪಂದ್ಯವನ್ನು ಕೋಸ್ಟಲ್ ಕ್ಯಾರೊಲಿನ ವಿರುದ್ಧ 1–0ರಿಂದ ಗೆದ್ದಿತು. ಕೇಡ್ ಆಂಡರ್ಸನ್ ಒಬ್ಬನೇ ಒಂಬತ್ತೂ ಇನ್ನಿಂಗ್ಸ್ ಎಸೆದನು. ಬ್ಯಾಟು ಸೋಮಾರಿಯಾದ ದಿನವೂ ತಂಡವನ್ನು ಉಳಿಸುವುದು ಇದೊಂದೇ.

ನನ್ನ ತಕರಾರು ಇರುವುದು ಇಲ್ಲಿಯೇ. ಅಂದು ಆ ಇಪ್ಪತ್ತರ ತರುಣ ಎಸೆದ ಚೆಂಡುಗಳು 130. ಅಮೆರಿಕದ ಪ್ರೌಢಶಾಲಾ ಬೇಸ್‌ಬಾಲಿನಲ್ಲಿ ಪ್ರತಿ ರಾಜ್ಯವೂ ಎಸೆತಗಳಿಗೆ ಮಿತಿ ಹಾಕಲೇಬೇಕೆಂಬ ನಿಯಮ 2017ರಿಂದ ಇದೆ. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಅಂಥ ಮಿತಿಯನ್ನು ಹಾಕಿಲ್ಲ. ಮೊಣಕೈಯ ಸ್ನಾಯುಬಂಧ ಹರಿದು ಶಸ್ತ್ರಚಿಕಿತ್ಸೆಗೆ ಒಳಗಾದ ಪಿಚರ್ ಮತ್ತೆ ಮೈದಾನಕ್ಕೆ ಬರಲು ಒಂದು ವರ್ಷಕ್ಕೂ ಮೀರಿದ ಅವಧಿ ಹಿಡಿಯುತ್ತದೆ, ಎಂದರೆ ನಾಲ್ಕು ವರ್ಷದ ಕಾಲೇಜು ಜೀವನದ ಕಾಲುಭಾಗಕ್ಕೂ ಹೆಚ್ಚು. ತಂಡದ ಗೆಲುವು ಒಬ್ಬನ ತೋಳನ್ನು ಇಷ್ಟರಮಟ್ಟಿಗೆ ನೆಚ್ಚಿಕೊಂಡಿದೆಯೆಂದು ಒಪ್ಪುವ ತರಬೇತುದಾರರು ಆ ತೋಳಿಗೆ ಮಿತಿಯೊಂದನ್ನು ಹಾಕಿಕೊಡಿರೆಂದು ತಾವೇ ಮುಂದಾಗಿ ಕೇಳಬೇಕು. ಅಲ್ಲಿಯವರೆಗೆ ಆ ನಿರ್ಧಾರ ಪಂದ್ಯ ಗೆಲ್ಲಲೇಬೇಕಾದವರ ಕೈಯಲ್ಲಿಯೇ ಇರುತ್ತದೆ.