ಇಸ್ಕೂಲಿಗೆ ರಜ, ಹೊಟ್ಟೆಗೆಲ್ಲಿ ರಜ?

ಏಪ್ರಿಲ್ ಬಂತು ಅಂದ್ರೆ ಮಕ್ಳಿಗೆ ಖುಷಿ, ನಮ್ಗೆ ಮನೆ ತುಂಬಾ ಗಲಾಟೆ. ಆದ್ರೆ ಅಕ್ಕಂದಿರಾ, ನಮ್ ಕೋಡಿಹಳ್ಳಿ ಕಡೆ ಕೂಲಿ ಮಾಡಿ ಉಣ್ಣೋ ಮನೆಗಳ್ಗೆ ಬೇಸ್ಗೆ ರಜ ಅನ್ನೋದು ವರ್ಷದಲ್ಲೇ ಕಷ್ಟದ ಕಾಲ. ಇಸ್ಕೂಲಿನ ಬಾಗ್ಲು ಹಾಕ್ದಾಗ ಅಲ್ಲಿನ ಅಡುಗೆ ಮನೆ ಬಾಗ್ಲೂ ಹಾಕ್ಬಿಡ್ತಾರೆ. ಇದ್ನ ಯಾರೂ ಒಂದ್ ಮಾತು ಆಡಲ್ಲ, ಅದ್ಕೇ ಬರೀತಿವ್ನಿ.

ಇಸ್ಕೂಲಿದ್ದಾಗ ಮಗೂಗೆ ಏನೇನ್ ಸಿಗ್ತದೆ ಲೆಕ್ಕ ಹಾಕಿ. ಮಧ್ಯಾಹ್ನ ಬಿಸಿಯೂಟ. 2013ರಿಂದ ಕ್ಷೀರಭಾಗ್ಯದ ಹಾಲು. 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟು. ಅದೇ ವರ್ಷ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನೋರ ದುಡ್ಡೂ ಸೇರಿ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದ ಮಕ್ಳಿಗೆ ಬಾಳೆಹಣ್ಣು. ಬಡವ್ರ ಮನೆ ಎಷ್ಟೋ ಮಕ್ಳಿಗೆ ದಿನದಲ್ಲಿ ಗಟ್ಟಿಯಾದ ಊಟ ಅಂದ್ರೆ ಅದೊಂದೇ. ಬೆಳಗ್ಗೆ ರಾತ್ರಿಯದೇ ಮುದ್ದೆ ಇಲ್ಲಾಂದ್ರೆ ಒಂದ್ ಲೋಟ ಟೀ ಕುಡ್ಕಂಡು ಓಡಿರ್ತವೆ.

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರ್ಗೂ ಸುಮಾರು ಏಳು ವಾರ ಇದೆಲ್ಲಾ ನಿಂತೋಯ್ತದೆ. ಕೂಲಿ ಕಮ್ಮಿ ಆಗೋದೂ ಅದೇ ಏಳು ವಾರ. ರಾಗಿ ಕಣ ಮುಗ್ದು ತಿಂಗ್ಳುಗಳೇ ಆಗಿರ್ತವೆ, ಮಳೆ ಬಿದ್ದು ಆರು ಹೂಡೋವರ್ಗೂ ಹೊಲದಲ್ಲಿ ಏನೂ ಇರಲ್ಲ. ಬೋರಲ್ಲಿ ನೀರಿರೋರು ಹುಳ ಮೇಯಿಸ್ತಿದ್ರೆ ಸೊಪ್ಪು ಕುಯ್ಯಕ್ಕೆ ಕರೀತಾರೆ, ಇಲ್ಲಾಂದ್ರೆ ಮನೇಲಿ ಕೂತು ಹುಣಸೆಹಣ್ಣು ಕುಟ್ಟೋದು. ಸಣ್ಣ ಮಕ್ಳು ಮನೇಲೇ ಇದ್ರೆ ತಾಯಿ ಆ ಕೂಲಿಗೂ ಹೋಗಂಗಿಲ್ಲ.

ಸರ್ಕಾರ ಏನೂ ಕೊಡಲ್ಲ ಅಂತ ಹೇಳಿದ್ರೆ ಸುಳ್ಳಾಯ್ತದೆ. ನಮ್ ಬೀದೀಲಿ ಗಂಡ ಇಲ್ದೇ ಮೂರು ಮಕ್ಳು ಸಾಕ್ತಿರೋ ಒಬ್ಳು ಅವ್ಳೆ. ಗೃಹಲಕ್ಷ್ಮಿ 2000, ವಿಧವಾ ವೇತನ 800, ಅನ್ನಭಾಗ್ಯದ ಅಕ್ಕಿ, ಬಸ್ಸು ಪುಕ್ಸಟ್ಟೆ. ಇವು ಇಲ್ದೇ ಇದ್ರೆ ಅವ್ಳ ಮನೆ ಯಾವತ್ತೋ ಮುಳುಗೋಗಿರೋದು. ಆದ್ರೆ ಆ 2000 ತಿಂಗ್ಳು ತಿಂಗ್ಳೂ ಒಂದೇ ತಾರೀಖಿಗೆ ಬರ್ತದಾ? ಒಂದೊಂದ್ ಸಲ ಎರಡು ಮೂರು ತಿಂಗ್ಳು ತಡ. ಇನ್ನೊಂದ್ ಗಮನ್ಸಿ, ಒಂದ್ ಮಗು ಇರೋ ಮನೆಗೂ 2000, ಮೂರು ಮಕ್ಳಿರೋ ಮನೆಗೂ 2000. ಅಕ್ಕಿ ಮಾತ್ರ ತಲೆ ಎಣ್ಸಿ ಕೊಡ್ತಾರೆ. ಅಕ್ಕಿ ಐತೆ, ಅನ್ನಕ್ಕೆ ಕಲಸ್ಕೊಳಕ್ಕೆ? ಬೇಳೆ ಕೇಜಿಗೆ ನೂರರ ಮೇಲೆ. ಉಪ್ಸಾರು ಖಾರದಲ್ಲಿ ನಾವ್ ದೊಡ್ಡೋರು ದಿನ ತಳ್ಬೋದು, ಬೆಳೆಯೋ ಮಕ್ಳು ಎಷ್ಟು ದಿನ ತಳ್ತವೆ?

ಬರೀ ಮೊಟ್ಟೆ ಲೆಕ್ಕ ನೋಡಿ. ಒಂದು ಏಳು ರೂಪಾಯಿ ಅಂತ ಇಟ್ಕೊಳ್ಳಿ. ಮೂರು ಮಕ್ಳಿಗೆ ದಿನಕ್ಕೆ 21, ವಾರಕ್ಕೆ ಆರು ದಿನಕ್ಕೆ 126, ಏಳು ವಾರಕ್ಕೆ 882 ರೂಪಾಯಿ. ಹಾಲು, ಬೇಳೆ, ತರಕಾರಿ ಇನ್ನೂ ಸೇರ್ಸಿಲ್ಲ. ರಜ ಮುಗಿಯೋ ಹೊತ್ಗೇ ನೋಟ್‌ಬುಕ್ಕು, ಬ್ಯಾಗು ಅಂತ ಇನ್ನೊಂದ್ ಖರ್ಚು ಬಾಗ್ಲಲ್ಲಿ ನಿಂತಿರ್ತದೆ.

ಈ ತೊಡಕು ಕಾನೂನಿನಲ್ಲೇ ಐತೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೇಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಳಿಗೆ ಮಧ್ಯಾಹ್ನದ ಊಟ ಹಕ್ಕು ಅಂತ ಬರ್ದು, ಪಕ್ಕದಲ್ಲೇ ಶಾಲಾ ರಜಾ ದಿನ ಬಿಟ್ಟು ಅಂತ ಸೇರ್ಸವ್ರೆ. ಊಟ ಹಕ್ಕು ಅಂದ್ಮೇಲೆ ಅದಕ್ಕೆ ರಜ ಹೆಂಗಿರ್ತದೆ ಹೇಳಿ? ಅದಕ್ಕೂ ಮುಂಚೆ, 2004ರಲ್ಲೇ, ಬರ ಬಿದ್ದ ಕಡೆ ಬೇಸ್ಗೆ ರಜದಲ್ಲೂ ಬಿಸಿಯೂಟ ಹಾಕ್ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ ರಾಜ್ಯದಲ್ಲೂ ಮಾಡಿ ತೋರ್ಸವ್ರೆ. 2023ರಲ್ಲಿ ಮಳೆ ಕೈಕೊಟ್ಟು 223 ತಾಲ್ಲೂಕು ಬರಪೀಡಿತ ಅಂತ ಸಾರಿದ್ರಲ್ಲ, ಮಾರನೇ ವರ್ಷ ಬೇಸ್ಗೆ ರಜದಲ್ಲಿ ಬರದ ತಾಲ್ಲೂಕುಗಳಲ್ಲಿ ಊಟ ಬಡಿಸಿದ್ರು. ಅಂದ್ರೆ ಆಗದ ಕೆಲ್ಸ ಏನಲ್ಲ. ಬರ ಅಂತ ಕಾಗ್ದದಲ್ಲಿ ಬಂದ್ರೆ ಊಟ, ಬರ್ದೇ ಇದ್ರೆ ಇಲ್ಲ, ಅದೇ ನನ್ ತಕರಾರು. ಕೂಲಿ ಮನೆಗೆ ಪ್ರತಿ ವರ್ಷ ಮೇ ತಿಂಗ್ಳು ಬರವೇ.

"ಹೆತ್ತೋರು ಸಾಕ್ಲಿ, ಎಲ್ಲಾ ಸರ್ಕಾರವೇ ಕೊಟ್ರೆ ಜನ ಸೋಮಾರಿ ಆಯ್ತಾರೆ" ಅಂತ ನಮ್ಮಲ್ಲೇ ಕೆಲವ್ರು ಅಂತಾರೆ. ಎಂಟು ವರ್ಷದ ಮಗು ಒಂದ್ ಮೊಟ್ಟೆ ತಿಂದ್ರೆ ಅದ್ಯಾವ ಸೋಮಾರಿತನ ಬರ್ತದೆ ಕಣ್ರವ್ವ? ಇನ್ನು ಕೆಲವ್ರು "ರಜದಲ್ಲಿ ಮಕ್ಳು ಅಜ್ಜಿ ಮನೆಗೆ ಹೋಯ್ತವೆ, ಇಸ್ಕೂಲಿಗೆ ಯಾರ್ ಬರ್ತಾರೆ" ಅಂತಾರೆ. ಹೋಗೋವು ಹೋಗ್ಲಿ. ಆ ಅಜ್ಜಿ ಊರಿನ ಇಸ್ಕೂಲಲ್ಲೇ ಉಣ್ಣಂಗೆ ಮಾಡ್ಲಿ. ಅಜ್ಜಿ ಮನೇಲೂ ಒಲೆ ಸರ್ಯಾಗಿ ಉರೀದೇ ಇರೋ ಮಕ್ಳು ಎಲ್ಲಿಗ್ ಹೋಗ್ಬೇಕು? ಹತ್ತೇ ಮಕ್ಳು ಬಂದ್ರೂ ಆ ಹತ್ತು ಹೊಟ್ಟೆ ಲೆಕ್ಕಕ್ಕಿಲ್ವಾ?

ಅಡುಗೆ ಮಾಡೋ ಹೆಂಗಸ್ರನ್ನೂ ಮರೀಬೇಡಿ. ಅವ್ರಿಗೆ ವರ್ಷಕ್ಕೆ ಹತ್ತೇ ತಿಂಗ್ಳು ಗೌರವಧನ. ಅವ್ರೂ ನಮ್ಮಂಗೇ ಮಕ್ಳೊಂದಿಗರು. ಬೇಸ್ಗೇಲಿ ಅಡುಗೆ ಮನೆ ತೆಗ್ದು ಕೂಲಿ ಕೊಟ್ರೆ ಅವ್ರ ಮನೆ ಒಲೇನೂ ಉರೀತದೆ.

2025ರಲ್ಲಿ ನಮ್ ಜಿಲ್ಲೆ ಹೆಸ್ರು ರಾಮನಗರ ಇದ್ದಿದ್ದು ಬೆಂಗಳೂರು ದಕ್ಷಿಣ ಆಯ್ತು. ಬೋರ್ಡು ಬದ್ಲಾಯಿಸಕ್ಕೆ ದುಡ್ಡು ಸಿಗ್ತದೆ ಅಂದ್ರೆ ಏಳು ವಾರದ ಅನ್ನ ಸಾರಿಗೂ ಸಿಗ್ಬೇಕು.

ನಾವ್ ಮಾಡಬೋದಾದ್ದು ಐತೆ. ಮಕ್ಳು ಸರ್ಕಾರಿ ಇಸ್ಕೂಲಲ್ಲಿದ್ರೆ ಎಸ್‌ಡಿಎಂಸಿ ಮೀಟಿಂಗಿಗೆ ಹೋಗಿ, ರಜದ ಊಟದ ಮಾತು ಎತ್ತಿ, ಅದ್ನ ನಡಾವಳಿ ಪುಸ್ತಕದಲ್ಲಿ ಬರೆಸಿ. ಗ್ರಾಮಸಭೇಲಿ ಗಂಡಸ್ರು ಚರಂಡಿ, ಲೈಟು ಅಂತ ಮಾತಾಡೋವಾಗ ನಾವೂ ಎದ್ದು ನಿಂತ್ಕಂಡು ಇದ್ನ ಕೇಳಾಣ. ಕೇಳೋದನ್ನ ಫೆಬ್ರವರಿ ಒಳಗೇ ಕೇಳ್ಬೇಕು, ಏಪ್ರಿಲ್‌ನಲ್ಲಿ ಕೇಳಿದ್ರೆ ಬೀಗ ಹಾಕಾಗಿರ್ತದೆ. ಅಲ್ಲೀವರ್ಗೂ, ಮಧ್ಯಾಹ್ನದ ಹೊತ್ನಲ್ಲಿ ಪಕ್ಕದ್ಮನೆ ಮಗು ನಿಮ್ ಮಗು ಜೊತೆ ಆಡ್ತಾ ಇದ್ರೆ, "ಉಂಡ್ಯಾ ಮಗ?" ಅಂತ ಕೇಳಿ ಸುಮ್ನಾಗ್ಬೇಡಿ. ಉಂಡೆ ಅಂತಾನೇ ಹೇಳ್ತದೆ ಅದು. ಕೇಳ್ದೇ ಒಂದ್ ತಟ್ಟೆ ಜಾಸ್ತಿ ಇಡಿ.