ನಿಧಾನ ಹೋದವರಿಗೇ ಪೆಟ್ಟು ಕೊಡುವ ಹಂಪ್ಸ್

ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಹೋಬಳಿ ಊರು. ತಾಲ್ಲೂಕು ಕಚೇರಿಗೋ ದೊಡ್ಡ ಆಸ್ಪತ್ರೆಗೋ ಹೋಗಬೇಕಾದವರು ಬಸವಕಲ್ಯಾಣದ ಇಲ್ಲವೇ ಹುಮನಾಬಾದಿನ ಬಸ್ಸು ಹತ್ತಬೇಕು. ಹಿಂದಿನ ಸೀಟು ಸಿಕ್ಕವರು ಹಂಪ್ಸ್ ಬಂದಾಗಲೆಲ್ಲ ಮುಂದಿನ ಕಂಬಿ ಹಿಡಿದು ಅರ್ಧ ಎದ್ದು ನಿಲ್ಲುತ್ತಾರೆ. ಹಿಂದಿನ ಗಾಲಿಯಿಂದಾಚೆಗೆ ಚಾಚಿದ ಬಸ್ಸಿನ ಬಾಲ ಗಾಲಿಗಿಂತ ಹೆಚ್ಚು ಎತ್ತರಕ್ಕೆ ಏಳುತ್ತದೆ ಎಂದು ಅವರಿಗೆ ಯಾರೂ ಪಾಠ ಹೇಳಿಲ್ಲ. ಸೊಂಟವೇ ಕಲಿಸಿದೆ.

ಈ ಭಾಗದ ಹಳ್ಳಿಗಳಿಗಷ್ಟೇ ಅಲ್ಲ, ರಾಜ್ಯದ ಯಾವ ಊರಿಗೂ ಹೊಂದುವ ಮಾತಿದು. ರಸ್ತೆಯಲ್ಲಿ ಅಪಘಾತವಾಗುತ್ತದೆ, ಜನ ಹಂಪ್ಸ್ ಬೇಕೆಂದು ಪಟ್ಟು ಹಿಡಿಯುತ್ತಾರೆ. ಬೇಡಿಕೆ ನ್ಯಾಯವಾದದ್ದೇ. ಆಮೇಲೆ ಗುತ್ತಿಗೆದಾರ ಬಂದು ರಸ್ತೆಗೆ ಅಡ್ಡಲಾಗಿ ಒಂದೆರಡು ಅಡಿ ಅಗಲದ ದಿಣ್ಣೆ ಹಾಕಿ ಹೋಗುತ್ತಾನೆ. ಕೆಡುವುದು ಇಲ್ಲೇ. ಅಷ್ಟು ಕಿರಿದಾದ ದಿಣ್ಣೆ ವೇಗವನ್ನು ತಡೆಯುವುದಿಲ್ಲ. ಗಾಡಿಯ ಸ್ಪ್ರಿಂಗಿನ ಗುಣ ಬಲ್ಲವರಿಗೆ ಇದು ಗೊತ್ತು.

ಸ್ಪ್ರಿಂಗನ್ನು ಎಷ್ಟು ಒತ್ತಿದರೆ ಅದು ಅಷ್ಟೇ ಪ್ರಮಾಣದಲ್ಲಿ ತಿರುಗಿ ನೂಕುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಸ್ಪ್ರಿಂಗ್ ಎಷ್ಟು ಬಿಗಿ, ಮೇಲಿನ ಭಾರ ಎಷ್ಟು ಎಂಬೆರಡೂ ತಿಳಿದರೆ ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುತ್ತದೆಂದು ಲೆಕ್ಕ ಹಾಕಬಹುದು. ಸಾಮಾನ್ಯ ಕಾರಿನ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುತ್ತದೆ. ಟೈರಿಗೂ ಸ್ಪ್ರಿಂಗಿಗೂ ನಡುವೆ ಸಿಕ್ಕಿಕೊಂಡ ಗಾಲಿಯದು ಬೇರೆಯೇ ಲಯ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ. ಬರೀ ಸ್ಪ್ರಿಂಗ್ ಇದ್ದರೆ ಈ ತೂಗಾಟ ಬೇಗ ನಿಲ್ಲುವುದಿಲ್ಲ. ಮೆಕ್ಯಾನಿಕ್ಕುಗಳು ಶಾಕಪ್ ಎನ್ನುವ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ನುಗ್ಗಿಸಿ, ಆ ಚಲನೆಯನ್ನು ಬಿಸಿಯಾಗಿಸಿ ಕಳೆಯುತ್ತದೆ. ಎಣ್ಣೆ ಸೋರಿದ ಶಾಕಪ್ ಇದ್ದ ಗಾಡಿ ಹಂಪ್ಸ್ ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ.

ಈಗ 40 ಸೆಂಟಿಮೀಟರ್ ಅಗಲದ ದಿಣ್ಣೆಯ ಮೇಲೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಬಂತೆನ್ನಿ. ಗಾಲಿ ಅದನ್ನು ದಾಟಲು ಸೆಕೆಂಡಿನ ನೂರರ ನಾಲ್ಕು ಪಾಲೂ ಬೇಡ. ಅಷ್ಟರಲ್ಲಿ ಗಾಲಿ ಎಗರಿ ಇಳಿದಿರುತ್ತದೆ, ಮೇಲಿನ ಮೈಗೆ ಏಳಲು ಪುರಸೊತ್ತೇ ಸಿಗುವುದಿಲ್ಲ. ಅದೇ ದಿಣ್ಣೆಯನ್ನು ಎಚ್ಚರದ ಸವಾರ 10 ಕಿ.ಮೀ. ವೇಗದಲ್ಲಿ ದಾಟಿದರೆ ಸೆಕೆಂಡಿನ ಏಳನೇ ಒಂದು ಪಾಲು ಹಿಡಿಯುತ್ತದೆ. ಅಂದರೆ ಸೆಕೆಂಡಿಗೆ ಏಳು ಸಲದ ಅಲುಗಾಟಕ್ಕೆ ಸಮ. ಕುಳಿತ ಮನುಷ್ಯನ ಮೈ ಅತಿ ಹೆಚ್ಚು ನೋಯುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಕಂಪನಕ್ಕೆ. ಅಡ್ಡಾದಿಡ್ಡಿ ಓಡಿಸುವವ ಪಾರು, ಬಸುರಿಯನ್ನು ಕೂಡಿಸಿಕೊಂಡು ಮೆಲ್ಲಗೆ ಹೋಗುವ ಟಂಟಂ ಚಾಲಕನಿಗೆ ಶಿಕ್ಷೆ!

ಟ್ರ್ಯಾಕ್ಟರಿನವರ ಪಾಡು ಇನ್ನೂ ಕಷ್ಟ. ನಮ್ಮ ಬಹುತೇಕ ಟ್ರ್ಯಾಕ್ಟರುಗಳ ಹಿಂದಿನ ಅಚ್ಚಿಗೆ ಸ್ಪ್ರಿಂಗೇ ಇಲ್ಲ, ಟೈರಿನ ಗಾಳಿಯೇ ಸ್ಪ್ರಿಂಗು. ಸರಕಿನ ಪಿಕಪ್ಪಿನ ಕಥೆ ತಿರುವುಮುರುವು: ಸೋಯಾ, ತೊಗರಿ ಚೀಲ ತುಂಬಿದಾಗ ಮೆತ್ತಗೆ ಓಡುವ ಗಾಡಿ ಖಾಲಿಯಾದ ಕೂಡಲೇ ಕುಕ್ಕತೊಡಗುತ್ತದೆ. ಅದರ ಪಟ್ಟಿ ಸ್ಪ್ರಿಂಗು ತುಂಬಿದ ಭಾರಕ್ಕೆ ತಕ್ಕಂತೆ ಬಿಗಿಯಾಗಿರುತ್ತದೆ. ಭಾರ ಇಳಿದರೆ ತೂಗಾಟ ಚುರುಕಾಗುತ್ತದೆ. ಮದುವೆಗೆಂದು ಖಾಲಿ ಪಿಕಪ್ಪಿನಲ್ಲಿ ನಾಲ್ಕೈದು ಜನ ಹೋಗುವಾಗ ಆ ಕುಕ್ಕೆಲ್ಲ ಅವರ ಪಾಲಿಗೆ.

ಸರಿಯಾದ ಉಬ್ಬು ಹೇಗಿರಬೇಕೆಂಬುದು ಹೊಸ ಸಂಶೋಧನೆಯೇನಲ್ಲ. ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯದ ವಾಟ್ಸ್ 1973ರಲ್ಲಿ ಬಗೆಬಗೆಯ ಉಬ್ಬುಗಳನ್ನು ಪರೀಕ್ಷಿಸಿ, ಹನ್ನೆರಡು ಅಡಿ ಅಗಲದ, ನಾಲ್ಕು ಇಂಚು ಎತ್ತರದ ದುಂಡು ಬೆನ್ನಿನ ಉಬ್ಬನ್ನು ಮುಂದಿಟ್ಟ. ಅದರ ಮೇಲೆ ವೇಗ ಹೆಚ್ಚಿದಷ್ಟೂ ಕೂತವರ ಕಿರಿಕಿರಿ ಹೆಚ್ಚುತ್ತಿತ್ತು, ಬೇಕಾದದ್ದೂ ಅದೇ. ಭಾರತೀಯ ರಸ್ತೆ ಕಾಂಗ್ರೆಸ್ 1988ರ ಮಾರ್ಗಸೂಚಿಯಲ್ಲಿ ಹೆಚ್ಚುಕಡಿಮೆ ಇದೇ ಅಳತೆ ಕೊಟ್ಟಿತ್ತು: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು, ದಾಟುವ ವೇಗ ಗಂಟೆಗೆ 25 ಕಿ.ಮೀ. ಆ ವೇಗದಲ್ಲಿ ಗಾಲಿ ಉಬ್ಬು ದಾಟಲು ಅರ್ಧ ಸೆಕೆಂಡು ಬೇಕು. ಗಾಡಿಯ ಮೈ ತೂಗುವ ಲಯಕ್ಕೆ ಇದು ಹತ್ತಿರ, ಹಾಗಾಗಿ ಮೈ ನಿಧಾನವಾಗಿ ಎದ್ದು ಇಳಿಯುತ್ತದೆ. ಸೊಂಟ ಉಳಿಯುತ್ತದೆ.

ಹೆಚ್ಚು ಡಾಂಬರು ಬೇಕು, ಖರ್ಚು ಹೆಚ್ಚು ಎಂಬ ಸಬೂಬು ಬರುತ್ತದೆ. ಹಳ್ಳಿಗೆ ಎರಡೋ ಮೂರೋ ಉಬ್ಬಿಗೆ ಆಗುವ ಹೆಚ್ಚುವರಿ ಖರ್ಚು ರಸ್ತೆಯ ಒಟ್ಟು ಬಿಲ್ಲಿನ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಕಮಾನಿನ ಆಕಾರಕ್ಕೆ ಕೊಯ್ದ ಒಂದು ಕಟ್ಟಿಗೆ ಹಲಗೆ ಇದ್ದರೆ ಯಾವ ಮೇಸ್ತ್ರಿಯೂ ಸರಿಯಾದ ಉಬ್ಬು ಹಾಕಬಲ್ಲ. ಲೋಕೋಪಯೋಗಿ ಇಲಾಖೆಯಾಗಲಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವಾಗಲಿ ಹಣ ಪಾವತಿಸುವ ಮೊದಲು ಟೇಪು ಹಿಡಿದು ಅಳೆಯಲಿ. 3.7 ಮೀಟರ್ ಇಲ್ಲದಿದ್ದರೆ ಬಿಲ್ಲು ತಡೆಯಲಿ.